ಚಲನಚಿತ್ರವೂ ಕಲಿಯತಕ್ಕ ವಿದ್ಯೆಯೆ?

ಅರುವತ್ತನಾಲ್ಕು ಕಲೆಗಳನ್ನು ಎಣಿಸಿ ಹೆಸರಿಟ್ಟ ಪ್ರಾಚೀನರು ಗೀತ, ವಾದ್ಯ, ನೃತ್ಯಗಳ ಸಾಲಿನಲ್ಲಿಯೇ ಮಾಲೆ ಕಟ್ಟುವುದನ್ನೂ ಅಡುಗೆ ಮಾಡುವುದನ್ನೂ, ಕಡೆಗೆ ಕೋಳಿಗಳನ್ನು ಕಾದಾಡಿಸುವುದನ್ನೂ ಸೇರಿಸಿದರು. ಮನುಷ್ಯನು ಶ್ರದ್ಧೆಯಿಂದ ಮಾಡುವ ಯಾವ ಕೆಲಸಕ್ಕೂ ಒಂದು ಕ್ರಮವುಂಟು, ಕ್ರಮವಿದ್ದಲ್ಲಿ ಶಾಸ್ತ್ರವುಂಟು, ಶಾಸ್ತ್ರವಿದ್ದಲ್ಲಿ ಗುರುಶಿಷ್ಯರುಂಟು ಎಂಬುದು ಅವರ ಎಣಿಕೆ. ಇಷ್ಟು ವಿಶಾಲವಾದ ವಿದ್ಯಾಭಾವನೆಗೆ ವಾರಸುದಾರರಾದ ಜನರು, ಒಂದು ಶತಮಾನಕ್ಕೂ ಮಿಕ್ಕಿ ಲೋಕದ ಕಣ್ಣನ್ನು ಆಳುತ್ತಿರುವ ಕಲೆಯೊಂದನ್ನು ಮಾತ್ರ ವಿದ್ಯೆಯ ಪಂಕ್ತಿಯಲ್ಲಿ ಕೂರಿಸಲು ಇಂದಿಗೂ ಹಿಂಜರಿಯುತ್ತಿರುವುದು ಸೋಜಿಗದ ಸಂಗತಿ. ಆ ಕಲೆ ಚಲನಚಿತ್ರ.

ಪುತ್ತೂರು, ಸುಳ್ಯ ಮತ್ತು ಈಚೆಗೆ ಪ್ರತ್ಯೇಕ ತಾಲೂಕಾದ ಕಡಬ, ಅಡಿಕೆ ತೋಟಗಳ ಈ ಸೀಮೆಯಲ್ಲಿ ವಿದ್ಯೆಯ ಹಂಬಲಕ್ಕೆ ಎಂದೂ ಬರವಿಲ್ಲ. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು 1958ರಲ್ಲಿಯೂ ವಿವೇಕಾನಂದ ಕಾಲೇಜು 1965ರಲ್ಲಿಯೂ, ಸುಳ್ಯದಲ್ಲಿ ನೆಹರು ಮೆಮೋರಿಯಲ್ ಕಾಲೇಜು 1976ರಲ್ಲಿಯೂ ಆರಂಭವಾದುವು. ಗುಡ್ಡದ ಮೇಲಿನ ಮನೆಗಳ ಮಕ್ಕಳು ತೋಡು ದಾಟಿ, ಬಸ್ಸು ಹಿಡಿದು ಬಂದು ಪದವೀಧರರಾದರು. ವೈದ್ಯರಾಗಿ, ಇಂಜಿನಿಯರರಾಗಿ ದೇಶಾಂತರಗಳಿಗೆ ಹೋದರು. ಮಗನು ಇಂಜಿನಿಯರಿಂಗ್ ಓದುತ್ತೇನೆಂದರೆ ತಂದೆ ಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತಲು ಸಿದ್ಧ. ಮಗಳು ವೈದ್ಯಳಾಗುತ್ತೇನೆಂದರೆ ನೆಂಟರಿಷ್ಟರೆಲ್ಲ ಹರಸಲು ಸಿದ್ಧ. ಆದರೆ ಅವರಲ್ಲಿ ಒಬ್ಬರು ‘ನಾನು ಸಿನಿಮಾ ಓದುತ್ತೇನೆ’ ಎಂದ ಕ್ಷಣ ಮನೆಯ ಚಾವಡಿಯಲ್ಲಿ ಮೌನ ಕವಿಯುತ್ತದೆ. ಕೊಂಚ ಹೊತ್ತಿನ ಮೇಲೆ ಹಿರಿಯರಿಂದ ಮಾತು ಬರುತ್ತದೆ: ‘ಸಿನಿಮಾ ನೋಡಿದರೆ ಸಾಲದೆ? ಅದನ್ನು ಓದುವುದೆಂದು ಬೇರೆ ಇದೆಯೆ?’ ಈ ಪ್ರಶ್ನೆಯಲ್ಲಿ ತಾತ್ಸಾರಕ್ಕಿಂತ ಭಯವೇ ಹೆಚ್ಚು. ಭಯಕ್ಕೆ ಉತ್ತರ ಗದರಿಕೆಯಲ್ಲ, ವಿಚಾರ. ಆ ವಿಚಾರವನ್ನು ಇಲ್ಲಿ ಮಾಡಬೇಕಾಗಿದೆ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಚಲನಚಿತ್ರದ ವ್ಯಾಸಂಗವು ಮೂರು ಕವಲುಗಳಲ್ಲಿ ನಡೆಯುತ್ತದೆ: ಚರಿತ್ರೆ, ಸಿದ್ಧಾಂತ, ನಿರ್ಮಾಣ. ಇದು ಕನ್ನಡ ವಿದ್ಯಾರ್ಥಿಗೆ ಹೊಸ ಮಾತಲ್ಲ. ಕಾವ್ಯವನ್ನು ಕಲಿಯುವವನು ಸಾಹಿತ್ಯಚರಿತ್ರೆಯನ್ನೂ ಕಾವ್ಯಮೀಮಾಂಸೆಯನ್ನೂ, ಛಂದಸ್ಸು ವ್ಯಾಕರಣಗಳನ್ನೂ ಓದುತ್ತಾನೆ. ಹಿಂದೆ ಏನಾಯಿತೆಂಬುದನ್ನು ಮೊದಲನೆಯದು ತಿಳಿಸುತ್ತದೆ. ಅದು ಏಕೆ ಮನಸ್ಸನ್ನು ಮುಟ್ಟಿತೆಂಬುದನ್ನು ಎರಡನೆಯದು. ಅದನ್ನು ಕಟ್ಟುವ ಬಗೆ ಹೇಗೆಂಬುದನ್ನು ಮೂರನೆಯದು. ಚಲನಚಿತ್ರದ ಶಾಸ್ತ್ರವೂ ಇದೇ ಮೂರು ಕಾಲುಗಳ ಮೇಲೆ ನಿಂತಿದೆ.

ಮೊದಲು ಚರಿತ್ರೆ. ಅದಕ್ಕಾಗಿ ಪರದೇಶಕ್ಕೆ ಹೋಗಬೇಕಾಗಿಲ್ಲ. ಪುತ್ತೂರಿನ ಬಾಲವನದವರೆಗೆ ನಡೆದರೆ ಸಾಕು. ಡಾ. ಶಿವರಾಮ ಕಾರಂತರನ್ನು ಕಾದಂಬರಿಕಾರರೆಂದು, ಯಕ್ಷಗಾನದ ಸಂಶೋಧಕರೆಂದು, ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನು ಕೊಟ್ಟವರೆಂದು ಎಲ್ಲರೂ ಬಲ್ಲರು. ಅವರು ಕನ್ನಡ ನಾಡಿನ ಮೊಟ್ಟಮೊದಲ ಚಿತ್ರನಿರ್ಮಾಪಕರ ಸಾಲಿಗೆ ಸೇರಿದವರೆಂಬುದನ್ನು ಬಲ್ಲವರು ಕಡಮೆ. ಕನ್ನಡದಲ್ಲಿ ಮಾತಾಡುವ ಚಿತ್ರವಿನ್ನೂ ಹುಟ್ಟದಿದ್ದ 1930ರ ಸುಮಾರಿಗೆ ಅವರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಚಿತ್ರಗಳನ್ನು ತೆಗೆದರು. ಆಗ ಅವರಿಗಿನ್ನೂ ಮೂವತ್ತು ದಾಟಿರಲಿಲ್ಲ. ದೊಡ್ಡ ಬಂಡವಾಳವಿಲ್ಲ, ಹೇಳಿಕೊಡುವ ಗುರುವಿಲ್ಲ. ಅಂತಹ ಕಾಲದಲ್ಲಿ ಈ ಕರಾವಳಿಯ ಒಬ್ಬ ತರುಣ ಕ್ಯಾಮರಾ ಹಿಡಿದನೆಂಬುದು ಸಾಮಾನ್ಯ ಸಂಗತಿಯಲ್ಲ. ಮುಂದೆ 1978ರಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಅವರೇ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಚಿತ್ರವಾಗಿ ನಿರ್ದೇಶಿಸಿದರು. ಹುಚ್ಚು ಮನಸ್ಸು ಎಂದು ತಮ್ಮನ್ನು ತಾವೇ ಕರೆದುಕೊಂಡ ಆ ಮಹನೀಯರು ಸಿನಿಮಾವನ್ನು ಕೀಳು ಕಸುಬೆಂದು ಎಣಿಸಲಿಲ್ಲ.

ಆದರೆ ಆ ಎರಡು ಮೂಕಚಿತ್ರಗಳು ಇಂದು ಎಲ್ಲಿವೆ? ಕಾರಂತರ ಕಾದಂಬರಿಗಳು ಯಾವ ಗ್ರಂಥಾಲಯದಲ್ಲಿಯೂ ಸಿಗುತ್ತವೆ. ಅವರ ಆ ಚಿತ್ರಗಳು ನೋಡಲು ಸಿಗುವುದಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಗತಿಯೂ ಅದೇ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂತಹ ರಂಗಭೂಮಿಯ ಧುರೀಣರು ಕೊಲ್ಲಾಪುರಕ್ಕೆ ಹೋಗಿ ನಟಿಸಿ ಬಂದ ಆ ಚಿತ್ರದ ಒಂದು ಪ್ರತಿಯೂ ಉಳಿದು ಬಂದಿಲ್ಲ. ಭಾರತದಲ್ಲಿ ಸಾವಿರಕ್ಕೂ ಮಿಕ್ಕಿ ಮೂಕಚಿತ್ರಗಳು ತಯಾರಾದುವು, ಉಳಿದವು ಬೆರಳೆಣಿಕೆಯಷ್ಟು. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲು ಬೇಗ ತುತ್ತಾಗುವಂಥದು. ಸೆಕೆ ಮತ್ತು ತೇವಗಳಲ್ಲಿ ತಾನಾಗಿಯೇ ಕೊಳೆಯುವಂಥದು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಕರಗಿಸಿದವರೂ ಇದ್ದರು. ಓಲೆಗರಿಯ ಕಟ್ಟನ್ನು ಅಟ್ಟದ ಮೇಲೆ ಜೋಪಾನ ಮಾಡಿ, ಗೆದ್ದಲಿನಿಂದ ಕಾಪಾಡಿ, ಪಾಠಾಂತರಗಳನ್ನು ಹೋಲಿಸಿ ಅಚ್ಚು ಹಾಕಿಸಿದ ಪಂಡಿತ ಪರಂಪರೆ ಈ ನಾಡಿನಲ್ಲಿತ್ತು. ಆದುದರಿಂದ ಪಂಪ, ರನ್ನರು ಉಳಿದರು. ಚಿತ್ರದ ಸುರುಳಿಗೆ ಅಂತಹ ಪಂಡಿತನು ದೊರೆಯಲಿಲ್ಲ. ಆದುದರಿಂದ ‘ಭೂತರಾಜ್ಯ’ ಅಳಿಯಿತು. ಕಲಿಯತಕ್ಕದ್ದೆಂದು ಎಣಿಸದ ವಸ್ತುವನ್ನು ಕಾಪಾಡತಕ್ಕದ್ದೆಂದೂ ಯಾರೂ ಎಣಿಸುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನವನ್ನು ನೋಡಬಹುದು. ತೀರ್ಥಹಳ್ಳಿ ಸೀಮೆಯ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರದ ಪದವಿ ಪಡೆದವರು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ನೆಮ್ಮದಿಯ ಜೀವನವೇನೋ ಸಿಗುತ್ತಿತ್ತು. ಅದನ್ನು ಬಿಟ್ಟು ಪುಣೆಯ ಚಲನಚಿತ್ರ ಸಂಸ್ಥೆಗೆ ಸೇರಿ, ನಿರ್ದೇಶನವನ್ನು ಕ್ರಮವಾಗಿ ಅಭ್ಯಾಸ ಮಾಡಿ, ಚಿನ್ನದ ಪದಕದೊಡನೆ 1975ರಲ್ಲಿ ಹೊರಬಂದರು. ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂದಿತು. ಎರಡು ವರ್ಷಗಳಲ್ಲಿ ಅನಂತಮೂರ್ತಿಯವರ ಕಥೆಯನ್ನಾಧರಿಸಿದ ‘ಘಟಶ್ರಾದ್ಧ’ ಸ್ವರ್ಣಕಮಲವನ್ನು ಪಡೆಯಿತು. ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಇವು ಮತ್ತೆ ಮೂರು ಬಾರಿ ಆ ಗೌರವವನ್ನು ತಂದುವು. ಇದಕ್ಕಿಂತಲೂ ಗಮನಿಸಬೇಕಾದ ಮಾತು ಬೇರೊಂದಿದೆ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಭದ್ರವಾಗಿದ್ದುದರಿಂದ ಅದನ್ನು ಜೀರ್ಣೋದ್ಧಾರ ಮಾಡಲು ಸಾಧ್ಯವಾಯಿತು, ಹೊಸ ಕಳೆಯೊಡನೆ ಅದು 2024ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶಿತವಾಯಿತು. 1930ರ ಕನ್ನಡ ಚಿತ್ರ ಮಣ್ಣಾಯಿತು. 1977ರ ಕನ್ನಡ ಚಿತ್ರ ಅರ್ಧ ಶತಮಾನದ ಬಳಿಕವೂ ಲೋಕದ ಮುಂದೆ ನಿಂತಿತು. ಈ ಎರಡರ ನಡುವೆ ಏನು ಬದಲಾಯಿತು? 1960ರಲ್ಲಿ ಪುಣೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ, ಚಲನಚಿತ್ರದ ವಿದ್ಯಾಸಂಸ್ಥೆ ಹುಟ್ಟಿತು. 1964ರಲ್ಲಿ ಸಂಗ್ರಹಾಲಯ ಹುಟ್ಟಿತು. ಕಲಿಸುವ ಮನೆ, ಕಾಪಾಡುವ ಮನೆ ಎರಡೂ ಒಂದೇ ಊರಿನಲ್ಲಿ ಎದ್ದವು.

ಎರಡನೆಯದು ಸಿದ್ಧಾಂತ. ಸಿನಿಮಾಕ್ಕೆ ಎಂತಹ ಸಿದ್ಧಾಂತ ಎಂದು ನಗುವವರು ಒಂದು ಪ್ರಯೋಗವನ್ನು ಕೇಳಬೇಕು. 1919ರಲ್ಲಿ ಮಾಸ್ಕೋದಲ್ಲಿ ಚಲನಚಿತ್ರದ ಶಾಲೆಯೊಂದು ಆರಂಭವಾಯಿತು. ಲೋಕದಲ್ಲಿ ಅದೇ ಮೊದಲನೆಯದು. ಅಲ್ಲಿ ಪಾಠ ಹೇಳಿದ ಕುಲೆಶೋವ್ ಎಂಬವರು ಒಬ್ಬ ನಟನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ತೆಗೆದುಕೊಂಡು, ಒಮ್ಮೆ ಊಟದ ಬಟ್ಟಲಿನ ಚಿತ್ರದೊಡನೆ, ಒಮ್ಮೆ ಶವದ ಪೆಟ್ಟಿಗೆಯೊಡನೆ, ಹೀಗೆ ಬೇರೆ ಬೇರೆ ಚಿತ್ರಗಳೊಡನೆ ಜೋಡಿಸಿ ತೋರಿಸಿದರೆಂದು ಪ್ರಸಿದ್ಧಿ. ನೋಡಿದವರು ಹಸಿವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ ಎಂದು ಕೊಂಡಾಡಿದರಂತೆ. ಮುಖ ಮಾತ್ರ ಬದಲಾಗಿರಲಿಲ್ಲ. ಶಾಸ್ತ್ರ ಬಲ್ಲವರಿಗೆ ಇದರಲ್ಲಿ ಪರಿಚಿತವಾದ ತತ್ತ್ವವೊಂದು ಕಂಡೀತು. ಬಿಡಿ ಪದಗಳು ವಾಕ್ಯಾರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ಮೀಮಾಂಸಕರು ಹೇಳಿದರು. ಚಿತ್ರದ ತುಣುಕುಗಳಿಗೂ ಅದೇ ನಿಯಮ. ಒಂದು ತುಣುಕು ಇನ್ನೊಂದನ್ನು ಬಯಸಬೇಕು, ಅದಕ್ಕೆ ಹೊಂದಬೇಕು, ಅದರ ಬಳಿ ನಿಲ್ಲಬೇಕು. ಆಗ ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥ ನೋಡುವವನ ಮನಸ್ಸಿನಲ್ಲಿ ಹೊಳೆಯುತ್ತದೆ. ಆನಂದವರ್ಧನನು ಧ್ವನಿಯೆಂದು ಕರೆದದ್ದು ಈ ಹೊಳಹಿಗೆ ತೀರ ದೂರದ್ದಲ್ಲ.

‘ಚೋಮನ ದುಡಿ’ಯನ್ನು ಇದಕ್ಕೆ ಲಕ್ಷ್ಯವಾಗಿ ಇಟ್ಟುಕೊಳ್ಳಬಹುದು. ಕಾರಂತರ ಆ ಕಾದಂಬರಿ 1933ರದು, ತುಳುನಾಡಿನ ಮಣ್ಣಿನದು. ಬಂಟ್ವಾಳ ಸೀಮೆಯ ಬಿ. ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರವಾಗಿಸಿ ಸ್ವರ್ಣಕಮಲ ಗಳಿಸಿದರು; ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಜೋಡಿ ಎತ್ತಿದ್ದರೂ ಉಳಲು ಅಂಗೈಯಗಲ ಭೂಮಿಯಿಲ್ಲದ ಅಸ್ಪೃಶ್ಯನ ಸಂಕಟವನ್ನು ಅಲ್ಲಿ ಯಾವ ದೊಡ್ಡ ಮಾತೂ ಹೇಳುವುದಿಲ್ಲ, ದುಡಿ ಹೇಳುತ್ತದೆ. ಪುಸ್ತಕದಲ್ಲಿ ಓದುಗನು ಊಹಿಸಿಕೊಂಡ ನಾದ ತೆರೆಯ ಮೇಲೆ ಕಿವಿಗೆ ಬಂದು ಬಡಿಯುತ್ತದೆ. ಕಾದಂಬರಿಗೆ ದಕ್ಕದ ಯಾವುದು ಚಿತ್ರಕ್ಕೆ ದಕ್ಕಿತು, ಕಾದಂಬರಿಯಲ್ಲಿದ್ದ ಯಾವುದು ಚಿತ್ರದಲ್ಲಿ ಜಾರಿತು ಎಂದು ಹೋಲಿಸಿ ವಿಚಾರಿಸುವುದು ಯಾವ ಅಲಂಕಾರಶಾಸ್ತ್ರದ ಪಾಠಕ್ಕೆ ಕಡಮೆ? 1943ರ ‘ಬೆಟ್ಟದ ಜೀವ’ದ ವಿಷಯದಲ್ಲಿಯೂ ಹೀಗೆಯೇ ಕೇಳಬಹುದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನಿಗೆ ಆಸರೆಯಾಗುವ ಗೋಪಾಲಯ್ಯ, ಶಂಕರಿ ದಂಪತಿಗಳು ಈ ಸುಳ್ಯ, ಕಡಬ ತಾಲೂಕುಗಳ ಮಲೆಯ ಮನೆಗಳಲ್ಲಿ ಇಂದಿಗೂ ಕಾಣಸಿಗುವಂಥವರು. ಪಿ. ಶೇಷಾದ್ರಿಯವರು ನಿರ್ದೇಶಿಸಿದ ಆ ಚಿತ್ರಕ್ಕೆ 2010ನೆಯ ಸಾಲಿನಲ್ಲಿ ಪರಿಸರ ಸಂರಕ್ಷಣೆಯ ವಿಭಾಗದ ರಾಷ್ಟ್ರಪ್ರಶಸ್ತಿ ಸಂದಿತು. ಕಾದಂಬರಿಯನ್ನು ಓದಿದವರು ಮುದುಕರ ಪುತ್ರಶೋಕವನ್ನು ಕಂಡರು; ಚಿತ್ರವನ್ನು ನೋಡಿದವರು ಕಾಡನ್ನೂ ಕಂಡರು. ಒಂದೇ ಕಥೆಗೆ ಎರಡು ದರ್ಶನಗಳು ಹುಟ್ಟುವ ಗುಟ್ಟನ್ನು ತಿಳಿಯುವುದೇ ಸಿದ್ಧಾಂತ.

ಮೂರನೆಯದು ನಿರ್ಮಾಣ. ಚಿತ್ರವೆಂದರೆ ನಾಯಕ, ನಾಯಕಿ ಎಂದಷ್ಟೇ ತಿಳಿದವರು ಬಹಳ. ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನ, ಕಲಾನಿರ್ದೇಶನ, ಚಿತ್ರಕಥೆ ಒಂದೊಂದೂ ವರ್ಷಗಟ್ಟಲೆ ಅಭ್ಯಾಸ ಬೇಡುವ ವಿದ್ಯೆಗಳು. ಈ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದಿರಲಿಲ್ಲವೆಂಬುದು ಹೆಮ್ಮೆಯ ಮಾತು. ಪುಣೆಯ ಸಂಸ್ಥೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ, 1940ರ ದಶಕದಲ್ಲಿಯೇ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಶಿಕ್ಷಣವಿತ್ತು. ಮೈಸೂರಿನ ವಿ. ಕೆ. ಮೂರ್ತಿಯವರು ಅಲ್ಲಿ ಕಲಿತು ಮುಂಬಯಿಗೆ ಹೋದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಅವರು ಬೆಳಕಿನ ಕೋಲುಗಳಿಂದ ಬರೆದ ಕವಿತೆಯನ್ನು ಇಂದಿಗೂ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ದಾದಾಸಾಹೇಬ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಮುಂದೆ ‘ಅರ್ಧ ಸತ್ಯ’, ‘ತಮಸ್’ಗಳನ್ನು ನಿರ್ದೇಶಿಸಿದ ಗೋವಿಂದ ನಿಹಲಾನಿಯವರೂ 1962ರಲ್ಲಿ ಅದೇ ಶಾಲೆಯಿಂದ ಹೊರಬಂದವರು. ಆ ಪರಂಪರೆಯನ್ನು ಹೆಸರಘಟ್ಟದ ಸರಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಮುಂದುವರಿಸಿದೆ. ಪುಣೆಯ ಸಂಸ್ಥೆಗೂ 1995ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸತ್ಯಜಿತ್ ರಾಯ್ ಸಂಸ್ಥೆಗೂ 2025ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯಗಳ ಸ್ಥಾನ ದೊರೆತಿದೆ. ಚಲನಚಿತ್ರವು ವಿಶ್ವವಿದ್ಯಾಲಯದ ವಿದ್ಯೆಯೆ ಎಂಬ ಪ್ರಶ್ನೆಗೆ ದೇಶವೇ ಹೀಗೆ ಉತ್ತರ ಕೊಟ್ಟಿರುವಾಗ, ಅನುಮಾನ ಉಳಿದಿರುವುದು ಮನೆಯ ಚಾವಡಿಯಲ್ಲಿ ಮಾತ್ರ.

ಇಲ್ಲಿ ಮೂರು ಆಕ್ಷೇಪಗಳು ಬರುತ್ತವೆ. ಮೂರನ್ನೂ ಮರ್ಯಾದೆಯಿಂದ ಕೇಳಬೇಕು.

ದೊಡ್ಡವರು ಯಾರೂ ಶಾಲೆಯಲ್ಲಿ ಕಲಿಯಲಿಲ್ಲವಲ್ಲ ಎಂಬುದು ಮೊದಲನೆಯದು. ಶಿವರಾಮ ಕಾರಂತರು ಕಾಲೇಜನ್ನೇ ಬಿಟ್ಟು ಬಂದವರು. ಸತ್ಯಜಿತ್ ರಾಯರು ಸಿನಿಮಾ ಶಾಲೆಯ ಮೆಟ್ಟಿಲು ತುಳಿದವರಲ್ಲ. ನಿಜ. ಆದರೆ ರಾಯರು ಶಾಂತಿನಿಕೇತನದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. 1947ರಲ್ಲಿ ಗೆಳೆಯರೊಡನೆ ಕಲ್ಕತ್ತೆಯಲ್ಲಿ ಫಿಲ್ಮ್ ಸೊಸೈಟಿ ಕಟ್ಟಿ ಲೋಕದ ಶ್ರೇಷ್ಠ ಚಿತ್ರಗಳನ್ನು ನೋಡಿ, ಚರ್ಚಿಸಿ, ಅನಂತರ ‘ಪಥೇರ್ ಪಾಂಚಾಲಿ’ಗೆ ಕೈಹಾಕಿದರು. ಶಾಲೆಗೆ ಹೋಗದಿದ್ದವರು ಕಲಿಯದಿದ್ದವರಲ್ಲ. ತಮಗೆ ತಾವೇ ಶಾಲೆಯಾದವರು. ಏಕಲವ್ಯನ ಸಾಧನೆಯನ್ನು ತೋರಿಸಿ ಗುರುಕುಲವನ್ನು ಮುಚ್ಚಿಸಿದವರುಂಟೆ? ಎಲ್ಲರೂ ಕಾರಂತರಾಗಲಾರರು, ಆದುದರಿಂದಲೇ ಎಲ್ಲರಿಗೂ ಶಾಲೆ ಬೇಕು.

ಎರಡನೆಯದು ಹೊಟ್ಟೆಯ ಪ್ರಶ್ನೆ. ಇದು ಹುಸಿ ಭಯವಲ್ಲ. ಚಿತ್ರರಂಗದಲ್ಲಿ ತಿಂಗಳ ಸಂಬಳದ ಭರವಸೆ ಕಡಮೆ. ಮೂರು ವರ್ಷ ಕಲಿತು ಬಂದವನೂ ಇನ್ನಷ್ಟು ವರ್ಷ ಹಿರಿಯರ ಕೈಕೆಳಗೆ ದುಡಿಯಬೇಕು. ಕೆಲಸವಿಲ್ಲದ ತಿಂಗಳುಗಳನ್ನು ಕಳೆಯಬೇಕು. ನಿರ್ದೇಶಕನಾಗುತ್ತೇನೆಂದು ಹೋದವರಲ್ಲಿ ನಿರ್ದೇಶಕರಾಗುವವರು ಕೆಲವರೇ. ಇದನ್ನು ವಿದ್ಯಾರ್ಥಿಗೆ ಮುಚ್ಚಿಡುವ ಅಧ್ಯಾಪಕನು ಹಿತೈಷಿಯಲ್ಲ. ಆದರೆ ಸಂಕಲನಕಾರ, ಶಬ್ದಗ್ರಾಹಕ, ಸಾಕ್ಷ್ಯಚಿತ್ರಕಾರ, ಸಂಗ್ರಹಾಲಯದ ತಜ್ಞ, ಅಧ್ಯಾಪಕ ಎಂದು ಹಲವು ದಾರಿಗಳಿರುವುದನ್ನೂ ಅವನಿಗೆ ತಿಳಿಸಬೇಕು. ಪುಣೆಯ ಸಂಸ್ಥೆಯಲ್ಲಿ ನಿರ್ದೇಶನಕ್ಕೆ ಸೇರಲು ಮೊದಲೊಂದು ಪದವಿ ಬೇಕು. ಅದು ಯಾವ ವಿಷಯದ್ದಾದರೂ ಸರಿ. ಆ ಪದವಿಯನ್ನು ಊರಿನ ಕಾಲೇಜಿನಲ್ಲಿಯೇ, ಕನ್ನಡ ಸಾಹಿತ್ಯವನ್ನೋ ಇತಿಹಾಸವನ್ನೋ ವಿಜ್ಞಾನವನ್ನೋ ಓದಿ ಪಡೆಯಬಹುದು. ಒಂದು ವೇಳೆ ಚಿತ್ರರಂಗ ಕೈಹಿಡಿಯದಿದ್ದರೂ ಆ ಪದವಿ ಕೈಬಿಡುವುದಿಲ್ಲ. ಮನೆಯವರ ಭಯಕ್ಕೂ ಮಗುವಿನ ಹಂಬಲಕ್ಕೂ ನಡುವೆ ಇಂತಹ ಸಂಕ ಹಾಕುವುದೇ ಅಧ್ಯಾಪಕನ ಕೆಲಸ.

ಮೂರನೆಯ ಆಕ್ಷೇಪ ಶೀಲದ್ದು. ಸಿನಿಮಾ ಮಕ್ಕಳನ್ನು ಕೆಡಿಸುತ್ತದೆಂದು ವಿದ್ಯಾರ್ಥಿನಿಲಯಗಳಲ್ಲಿ ಅದನ್ನು ನಿಷೇಧಿಸಿದ ಕಾಲವೊಂದಿತ್ತು. ಆ ಹಿರಿಯರ ಕಾಳಜಿ ಸುಳ್ಳಲ್ಲ. ಆದರೆ ಅವರ ಕಾಲದಲ್ಲಿ ಸಿನಿಮಾ ಪೇಟೆಯಲ್ಲಿತ್ತು, ಇಂದು ಅದು ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯ ಮೊಬೈಲಿನಲ್ಲಿದೆ. ಬಾಗಿಲು ಹಾಕುವುದರಿಂದ ತಡೆಯುವ ದಿನ ಕಳೆಯಿತು. ಕೆಟ್ಟ ಓದಿಗೆ ಮದ್ದು ಓದದಿರುವುದಲ್ಲ, ಒಳ್ಳೆಯ ಓದು. ಹಾಗೆಯೇ ಕೆಟ್ಟ ನೋಟಕ್ಕೆ ಮದ್ದು ಕಲಿತ ನೋಟ. ಚಿತ್ರವನ್ನು ಹೇಗೆ ಜೋಡಿಸಿ ತನ್ನನ್ನು ನಗಿಸಿದರು, ಅಳಿಸಿದರು, ಕೆರಳಿಸಿದರು ಎಂದು ಬಲ್ಲ ಹುಡುಗನನ್ನು ಸುಳ್ಳು ಚಿತ್ರದಿಂದ ಮೋಸಗೊಳಿಸುವುದು ಸುಲಭವಲ್ಲ.

ಇದಕ್ಕೆ ದೊಡ್ಡ ನಗರವೇ ಬೇಕೆಂದೂ ಇಲ್ಲ. ಸಾಗರದ ಬಳಿಯ ಹೆಗ್ಗೋಡಿನಲ್ಲಿ, ಅಡಿಕೆ ತೋಟಗಳ ನಡುವೆ, ಕೆ. ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ಪ್ರಾಧ್ಯಾಪಕ ಸತೀಶ್ ಬಹಾದ್ದೂರರಂತಹವರು ಆ ಹಳ್ಳಿಗೆ ಬಂದು ಚಿತ್ರರಸಗ್ರಹಣದ ಪಾಠ ಹೇಳಿದರು. ತೋಟದ ಕೆಲಸ ಮುಗಿಸಿ ಬಂದ ಕೃಷಿಕರು ಲೋಕಪ್ರಸಿದ್ಧವಾದ ಚಿತ್ರಗಳನ್ನು ನೋಡಿ ಚರ್ಚಿಸಿದರು. ಹೆಗ್ಗೋಡಿನ ಅಡಿಕೆ ಬೆಳೆಗಾರರಿಗೆ ಸಾಧ್ಯವಾದದ್ದು ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ಬೆಳೆಗಾರರಿಗೆ ಅಸಾಧ್ಯವಾಗಲು ಕಾರಣವಿಲ್ಲ.

ಈ ವಿದ್ಯೆ ಈ ಸೀಮೆಗೆ ವಿಶೇಷವಾಗಿ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. 2022ರಲ್ಲಿ ‘ಕಾಂತಾರ’ ಚಿತ್ರವು ಕರಾವಳಿಯ ದೈವಾರಾಧನೆಯನ್ನು ದೇಶಕ್ಕೆಲ್ಲ ತೋರಿಸಿತು; ರಿಷಬ್ ಶೆಟ್ಟಿಯವರು ಅದಕ್ಕಾಗಿ ಶ್ರೇಷ್ಠ ನಟರೆಂಬ ರಾಷ್ಟ್ರಪ್ರಶಸ್ತಿ ಪಡೆದರು. ಮೆಚ್ಚುಗೆಯ ಜೊತೆಯಲ್ಲಿಯೇ ಪ್ರಶ್ನೆಗಳೂ ಎದ್ದವು. ಆರಾಧನೆಯನ್ನು ತೆರೆಯ ಮೇಲೆ ತರಬಹುದೆ? ತಂದರೆ ಎಷ್ಟು ತರಬೇಕು, ಎಲ್ಲಿ ನಿಲ್ಲಿಸಬೇಕು? ಕೋಲ ಕಟ್ಟುವವರ ಮರ್ಯಾದೆ ಯಾರ ಹೊಣೆ? ಈ ಪ್ರಶ್ನೆಗಳಿಗೆ ಕೋಪವೂ ಉತ್ತರವಲ್ಲ, ಚಪ್ಪಾಳೆಯೂ ಉತ್ತರವಲ್ಲ. ಭೂತದ ಪಾಡ್ದನವನ್ನೂ ಬಲ್ಲ, ಕ್ಯಾಮರಾದ ಶಕ್ತಿಯನ್ನೂ ಬಲ್ಲ, ಎರಡರ ಮಿತಿಯನ್ನೂ ಅರಿತ ಮಕ್ಕಳು ಈ ಮಣ್ಣಿನಿಂದಲೇ ಬರಬೇಕು. ತುಳು, ಅರೆಭಾಷೆ, ಹವ್ಯಕ, ಬ್ಯಾರಿ ನುಡಿಗಳನ್ನು ಕಿವಿಯಾರೆ ಕೇಳಿ ಬೆಳೆದವರು ಬರೆಯದಿದ್ದರೆ, ಕೇಳದವರು ಬರೆದದ್ದೇ ಲೋಕಕ್ಕೆ ಸತ್ಯವಾಗುತ್ತದೆ.

ಆದುದರಿಂದ ಕೆಲವು ಕೆಲಸಗಳು ಈಗಲೇ ಆಗಬೇಕು. ಪ್ರೌಢಶಾಲೆಗಳಲ್ಲಿ ತಿಂಗಳಿಗೊಮ್ಮೆ ಒಂದು ಒಳ್ಳೆಯ ಚಿತ್ರವನ್ನು ತೋರಿಸಿ, ಮರುದಿನ ಕನ್ನಡ ತರಗತಿಯಲ್ಲಿ ಅದರ ಮೇಲೆ ಪ್ರಬಂಧ ಬರೆಸಬೇಕು; ಕಾರಂತರ ಕಾದಂಬರಿಯೂ ಅದರ ಚಿತ್ರವೂ ಜೊತೆಯಾಗಿ ಪಾಠವಾದರೆ ಎರಡಕ್ಕೂ ಲಾಭ. ಮೂರು ತಾಲೂಕುಗಳ ಕಾಲೇಜುಗಳು ಸೇರಿ ಬಾಲವನದಲ್ಲಿ ವರ್ಷಕ್ಕೊಮ್ಮೆ ಚಿತ್ರರಸಗ್ರಹಣದ ಶಿಬಿರ ನಡೆಸಬಹುದು. ಆ ತಾಣಕ್ಕೆ ಅದಕ್ಕಿಂತ ಉಚಿತವಾದ ಸೇವೆ ಇನ್ನೊಂದಿಲ್ಲ. ಊರಿನ ಮನೆಗಳಲ್ಲಿ ಉಳಿದಿರುವ ಹಳೆಯ ಛಾಯಾಚಿತ್ರ, ಫಿಲ್ಮು, ವೀಡಿಯೋ ಕ್ಯಾಸೆಟ್ಟುಗಳನ್ನು ಹಾಳಾಗುವ ಮೊದಲು ಒಟ್ಟುಮಾಡಿ ಕಾಪಿಡಬೇಕು. ಮದುವೆಯ ಕ್ಯಾಸೆಟ್ಟೂ ಐವತ್ತು ವರ್ಷಗಳ ಬಳಿಕ ಚರಿತ್ರೆಯ ದಾಖಲೆಯಾಗುತ್ತದೆ. ಚಿತ್ರಶಾಸ್ತ್ರದ ಗ್ರಂಥಗಳು ಕನ್ನಡದಲ್ಲಿ ಹೆಚ್ಚಬೇಕು. ಇಂಗ್ಲಿಷು ತೊಡರುವ ಹಳ್ಳಿಯ ಮಗುವಿಗೆ ಭಾಷೆಯೇ ಬೇಲಿಯಾಗಬಾರದು. ವಿದ್ಯಾದಾನದಲ್ಲಿ ಕೈ ಮುಂದಿರುವ ದಾನಿಗಳು ವೈದ್ಯಕೀಯ, ಇಂಜಿನಿಯರಿಂಗುಗಳಿಗೆ ಕೊಡುವ ವಿದ್ಯಾರ್ಥಿವೇತನಗಳ ಸಾಲಿನಲ್ಲಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಬ್ಬ ಚಿತ್ರವಿದ್ಯಾರ್ಥಿಗೂ ಸ್ಥಾನ ಕೊಡಬೇಕು. ಹಿರಿಯ ವಿದ್ಯಾರ್ಥಿಗಳಲ್ಲಿ ಮುದ್ರಣ, ರೇಡಿಯೋ, ದೂರದರ್ಶನ, ಚಿತ್ರರಂಗಗಳಲ್ಲಿರುವವರು ವರ್ಷಕ್ಕೊಮ್ಮೆ ಶಾಲೆಗೆ ಬಂದು ತಮ್ಮ ಕಾಯಕದ ಸಿಹಿಯನ್ನೂ ಕಹಿಯನ್ನೂ ಮಕ್ಕಳಿಗೆ ಬಿಚ್ಚಿ ಹೇಳಬೇಕು.

ಅಡಿಕೆ ಸಸಿ ನೆಟ್ಟ ಕೃಷಿಕನು ಮರುವರ್ಷವೇ ಗೊನೆಯನ್ನು ಕೇಳುವುದಿಲ್ಲ. ಐದಾರು ವರ್ಷ ನೀರು ಹಾಯಿಸುತ್ತಾನೆ, ಸೊಪ್ಪು ಹಾಕುತ್ತಾನೆ, ಬಿಸಿಲಿಗೆ ಮರೆ ಕಟ್ಟುತ್ತಾನೆ, ಮಳೆಗಾಲದ ಕೊಳೆರೋಗಕ್ಕೆ ಮದ್ದು ಬಿಡುತ್ತಾನೆ. ಆ ತಾಳ್ಮೆ ಈ ಸೀಮೆಯ ಜನಕ್ಕೆ ರಕ್ತಗತವಾದದ್ದು. ಸಸಿಗೆ ತೋರುವ ತಾಳ್ಮೆಯನ್ನು ಮಗುವಿಗೂ ತೋರಿದರೆ, ಮೂಕಚಿತ್ರಗಳು ಕಳೆದುಹೋದ ಈ ನೆಲದಿಂದ ಕಳೆದುಹೋಗದಂತಹ ಚಿತ್ರಗಳು ಬರುವುದರಲ್ಲಿ ಸಂದೇಹವಿಲ್ಲ. ಚಾವಡಿಯಲ್ಲಿ ಮಗು ಆ ಮಾತನ್ನು ಆಡಿದಾಗ ಮೌನಕ್ಕೆ ಬದಲಾಗಿ ‘ಎಲ್ಲಿ ಕಲಿಸುತ್ತಾರೆ, ಎಷ್ಟು ವರ್ಷ, ಏನು ಓದಬೇಕು?’ ಎಂಬ ಮೂರು ಪ್ರಶ್ನೆಗಳು ಹುಟ್ಟಲಿ. ವಿದ್ಯೆಗೆ ಸಲ್ಲಬೇಕಾದ ಮೊದಲ ಮರ್ಯಾದೆ ಅದು.